ಪೊರಕೆಮೀಸೆ

“ಬಂದ ನೋಡಿ ಪೊರಕೆಮೀಸೆ,” ಎಂದು ಹೆಂಡತಿ ಪಿಸುಗುಟ್ಟಿದಳು. ಪರದೆಯ ಮೇಲೆ ಇನ್ನೂ ಯಾರೂ ಬಂದಿರಲಿಲ್ಲ; ಮುಚ್ಚಿದ ಬಾಗಿಲೊಂದು ಮಾತ್ರ ಕಾಣುತ್ತಿತ್ತು. ಆಮೇಲೆ ಬಾಗಿಲು ತೆರೆಯಿತು, ಖಳನಾಯಕ ಹೊರಗೆ ಬಂದ. ಅವನ ಮೀಸೆ ನಿಜಕ್ಕೂ ಸವೆದ ಪೊರಕೆಯ ಹಾಗೇ ಇತ್ತು. ಬೀಗ ರಿಪೇರಿ ಮಾಡುವ ಗಂಡನ ಕೈ ಕಡಲೆಕಾಯಿ ಪೊಟ್ಟಣದೊಳಗೇ ನಿಂತಿತು.

ಲೋಹದ ರೆಕ್ಕೆಯ ಆ ಸೂಪರ್‌ಹೀರೋನ ಮೊದಲ ಎರಡು ಭಾಗಗಳನ್ನು ಅವರು ಮದುವೆಯಾದ ಹೊಸತರಲ್ಲಿ ಜೊತೆಯಾಗಿ ನೋಡಿದ್ದರು. ಮೂರನೆಯದು ಬಂದಾಗ ಇವನು ಹೊಸದೊಂದು ದೊಡ್ಡ ಕಟ್ಟಡದ ಬಾಗಿಲುಗಳಿಗೆಲ್ಲ ಬೀಗ ಕೂರಿಸುತ್ತಿದ್ದ. ಆ ಕೆಲಸ ಮುಗಿಯುವುದರೊಳಗೆ ಸಿನಿಮಾ ಎತ್ತಿಬಿಟ್ಟರು. “ನೀವಿಲ್ಲದೆ ನಾನು ನೋಡಲ್ಲ, ಬಿಡಿ,” ಎಂದಿದ್ದಳು. ಹೆಂಡತಿಯನ್ನು ದೂರುತ್ತಾ ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಇವನು ಆ ಮಾತನ್ನು ಹೇಳಿಕೊಂಡು ಬೀಗಿದ್ದೇ ಬೀಗಿದ್ದು. ಈಗ ಹಳೆಯ ಟಾಕೀಸಿನಲ್ಲಿ ಆ ಭಾಗಗಳನ್ನು ವಾರಕ್ಕೊಂದರಂತೆ ಮತ್ತೆ ಹಾಕುತ್ತಿದ್ದರು. ಮೊದಲೆರಡನ್ನು ಮತ್ತೆ ನೋಡಿದಾಗ, ಹಿಂದೆ ಮೈ ಜುಮ್ಮೆನ್ನಿಸಿದ್ದ ರೆಕ್ಕೆ ಬರೀ ತಗಡಿನ ಹಾಗೆ ಕಂಡಿತ್ತು. ಅದು ಹೋಗಲಿ, ಮೂರನೆಯದಂತೂ ಇಬ್ಬರಿಗೂ ಹೊಸದು ಎಂದುಕೊಂಡು ಬಂದಿದ್ದ.

ಎಂದೂ ತೆರೆಯದ ಬೀಗಕ್ಕೆ ಕೀಲಿ ಹಾಕಿದರೆ ಸ್ವಲ್ಪ ತಡವರಿಸುತ್ತದೆ. ತೆರೆದು ಅಭ್ಯಾಸವಾದದ್ದು ಬೆಣ್ಣೆಯ ಹಾಗೆ ಜಾರುತ್ತದೆ. ಹೆಂಡತಿ ಎಲ್ಲೂ ತಡವರಿಸುತ್ತಿರಲಿಲ್ಲ. ಸೇತುವೆ ಸಿಡಿಯುವ ಮೊದಲೇ ಕಿವಿ ಮುಚ್ಚಿಕೊಂಡಳು. ಹೀರೋನ ಗೆಳೆಯ ಇನ್ನೂ ನಗುತ್ತಿರುವಾಗಲೇ ಕರವಸ್ತ್ರ ತೆಗೆದಳು. ಅವನು ಸತ್ತದ್ದು ಆಮೇಲೆ. ಅವಳ ಆಚೆಯ ಸೀಟಿನಲ್ಲಿ ಬ್ಯಾಗು ಕೂತಿತ್ತು. ಟಿಕೆಟ್ ತಂದವಳು ಅವಳೇ, ತಂದದ್ದು ಮೂರು.

ಮೂರನೆಯ ಭಾಗ ಮೊದಲು ಬಂದ ಕಾಲದಲ್ಲಿ ಇವರ ಮನೆಯ ಮಹಡಿಯ ಕೋಣೆಯಲ್ಲಿ ರೇಡಿಯೋ ರಿಪೇರಿಯವನೊಬ್ಬ ಬಾಡಿಗೆಗಿದ್ದ. ಸಿಳ್ಳೆ ಹಾಕುತ್ತಾ ಮೆಟ್ಟಿಲಿಳಿಯುವವನು, ಮಾತು ಮಾತಿಗೂ ನಗಿಸುವವನು. ಕಂಡವರಿಗೆಲ್ಲ ಅಡ್ಡಹೆಸರು ಇಡುವುದು ಅಂಥವರದೇ ಕಸುಬು. ಇವನು ಕಡಲೆಕಾಯಿ ಪೊಟ್ಟಣ ಮಡಚಿ ಜೇಬಿಗಿಟ್ಟ.

ಇಂಟರ್‌ವಲ್ಲಿನಲ್ಲಿ ಚಹಾ ಹಿಡಿದು ಗೋಡೆಗೊರಗಿ ನಿಂತರು.

“ನೀನು ಇದನ್ನ ನೋಡಿದ್ದೀಯ,” ಎಂದ.

“ಎಲ್ಲಾ ಸಿನಿಮಾನೂ ಒಂದೇ ಥರ ಅಲ್ವಾ? ಊಹೆ ಮಾಡಿದೆ.”

“ಮೀಸೆನೂ ಊಹೆನಾ?”

ಅವಳು ಚಹಾ ಊದಿದಳು.

“ಮೂರನೇ ಸೀಟು ಯಾರಿಗೆ?”

“ಬ್ಯಾಗಿಗೆ.”

“ಆಗ ಹೋಗಿದ್ದು ಆ ಮಹಡಿ ಮೇಲಿನ ರೇಡಿಯೋದವನ ಜೊತೆ ತಾನೆ?”

ಅವಳು ಅವನನ್ನೇ ನೋಡಿದಳು. ಆಮೇಲೆ ಚಹಾ ತುಳುಕುವಷ್ಟು ನಕ್ಕಳು. “ಆ ಪುಕ್ಕಲನಾ? ಕರೆಂಟು ಹೋದ್ರೆ ಸಾಕು, ಮೇಲಿಂದಾನೇ ನಿಮ್ಮಮ್ಮನ್ನ ಕೂಗ್ತಿದ್ದ. ಅವನು ಕತ್ತಲೇಲಿ ಬಂದು ಕೂರ್ತಾನಾ?”

“ಮತ್ಯಾರು?”

“ನಿಮ್ಮಮ್ಮ.”

ಅಮ್ಮ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಇದ್ದಷ್ಟು ದಿನವೂ ಅತ್ತೆ ಸೊಸೆ ಎಣ್ಣೆ ಸೀಗೆಕಾಯಿ. ಉಪ್ಪು ಹೆಚ್ಚಾದರೆ ಜಗಳ, ಕಿಟಕಿ ಮುಚ್ಚಿದರೆ ಜಗಳ, ತೆರೆದರೂ ಜಗಳ.

“ಅವಳಿಗೆ ನಿನ್ನ ಮುಖ ಕಂಡ್ರೆ ಆಗ್ತಿರ್ಲಿಲ್ಲ.”

“ನಿಮ್ಮೆದುರಿಗೆ ಆಗ್ತಿರ್ಲಿಲ್ಲ. ಪೊರಕೆಮೀಸೆ ಅಂತ ಹೆಸರಿಟ್ಟಿದ್ದೇ ಅವರು. ಯಾರು ಬಾಗಿಲಲ್ಲಿ ನಿಂತ್ರೂ ಅದನ್ನೇ ಹೇಳ್ಕೊಂಡು ನಗ್ತಿದ್ವಿ, ನಾವಿಬ್ರೇ ಇದ್ದಾಗ. ಇವತ್ತು ಬಾಯಿ ತಪ್ಪಿ ಬಂತು.”

“ಮತ್ತೆ ದಿನಾ ಸಂಜೆ ಆ ಜಗಳ?”

ಅವಳು ಲೋಟ ಕೆಳಗಿಟ್ಟಳು. “‘ಇವನಪ್ಪ ಮನೆ ತಣ್ಣಗಿದೆ ಅಂತ ಇಸ್ಪೀಟು ಆಡೋಕೆ ಹೋದೋನು, ತಿರುಗಿ ಮನೆ ಕಡೆ ನೋಡ್ಲಿಲ್ಲ. ಮಗನಾದ್ರೂ ಸಂಜೆ ಮನೆಗೆ ಬರ್ಬೇಕು ಅಂದ್ರೆ ಇಲ್ಲಿ ಏನಾದ್ರೂ ಹೊಗೆ ಆಡ್ತಾ ಇರ್ಬೇಕು ಕಣೇ’ ಅಂದ್ರು ನಿಮ್ಮಮ್ಮ. ನೀವೂ ಬರ್ತಿದ್ರಲ್ಲ. ಬೀದಿ ದೀಪ ಹತ್ತೋಕೆ ಮುಂಚೆ ಓಡಿ ಬರ್ತಿದ್ರಿ, ನಮ್ಮನ್ನ ಬಿಡಿಸೋಕೆ.”

ಗಂಟೆ ಹೊಡೆಯಿತು. ದೀಪ ಆರುವಾಗ ಯಾರೋ ಬಗ್ಗಿ, ಬ್ಯಾಗಿನ ಸೀಟು ಖಾಲಿಯೇ ಎಂದು ಕೇಳಿದರು. ಅವಳು ಬಾಯಿ ತೆರೆಯುವ ಮೊದಲೇ ಇವನೆಂದ, “ಇಲ್ಲ, ಜನ ಇದ್ದಾರೆ.” ಕೊನೆಯಲ್ಲಿ ಹೀರೋ ಮುಖವಾಡ ತೆಗೆದಾಗ ಟಾಕೀಸೆಲ್ಲ ಚಪ್ಪಾಳೆ ಹೊಡೆಯಿತು. ಇವನು ಮಾತ್ರ ಅಷ್ಟು ವರ್ಷ ಅತ್ತೆ ಸೊಸೆಯ ಜಗಳದಲ್ಲಿ ಹಾರಾಡಿದ ಪಾತ್ರೆಗಳನ್ನು ಒಂದೊಂದಾಗಿ ನೆನೆಯುತ್ತಾ ಕೂತಿದ್ದ. ಅವುಗಳಲ್ಲಿ ಗಾಜಿನದು ಒಂದೂ ಇರಲಿಲ್ಲ.

ಮನೆ ತಲುಪುವಾಗ ಬೀದಿ ದೀಪ ಇನ್ನೂ ಹತ್ತಿರಲಿಲ್ಲ. ಗೇಟಿನಲ್ಲಿ ಪಕ್ಕದ ಮನೆಯ ದರ್ಜಿ ಹೆಂಗಸು ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಅಮ್ಮ ಹೋದ ಮೇಲೆ ಆ ಮನೆಗೆ ಬಂದವಳು. ಬಂದಂದಿನಿಂದ ಇವನ ಹೆಂಡತಿಗೂ ಅವಳಿಗೂ ಬಟ್ಟೆ ಹಗ್ಗದ ಜಗಳ. ದಿನಾ ಸಂಜೆ ಇವನೇ ಹೋಗಿ ಬಿಡಿಸಬೇಕು.

“ಬಂದ್ಲಪ್ಪ ಮಹಾರಾಣಿ. ನನ್ನ ಹಗ್ಗದ ಮೇಲೆ ತನ್ನ ಹೊದಿಕೆ ಒಣಹಾಕಿ, ಕೇಳೋಕೆ ಹೋದ್ರೆ ಪೊರಕೆಮೀಸೆ ಥರ ಬಾಗಿಲಲ್ಲಿ ನಿಂತ್ಕೋತಾಳೆ.”

ಹೆಂಡತಿಯ ಹೆಜ್ಜೆ ಒಂದು ಕ್ಷಣ ತಡವರಿಸಿತು. ಅವಳು ಗಂಡನ ಕಡೆ ತಿರುಗಿಯೂ ನೋಡಲಿಲ್ಲ. “ಹಗ್ಗ ಏನು ನಿಮ್ಮಪ್ಪಂದಾ?” ಎಂದು ದನಿ ಏರಿಸಿದಳು.

ಅವನು ಒಮ್ಮೆ ಇವಳನ್ನು ನೋಡಿದ, ಒಮ್ಮೆ ಅವಳನ್ನು ನೋಡಿದ. ತುಟಿಯವರೆಗೂ ಬಂದ ನಗುವನ್ನು ನುಂಗಿಕೊಂಡ. ಬ್ಯಾಗನ್ನು ಗೇಟಿಗೆ ನೇತುಹಾಕಿ, ದಿನದ ಗಂಟುಮುಖವನ್ನೇ ಹಾಕಿಕೊಂಡು ಇಬ್ಬರ ನಡುವೆ ಹೋಗಿ ನಿಂತ.

“ಸಾಕು ಬಿಡ್ರಮ್ಮಾ.”