ನರುಲಿ ಹೋಯ್ತು, ಗುರುತೂ ಹೋಯ್ತು

"ರೀ, ತೆಗೆಸಿ ಬಿಸಾಕ್ಬಿಟ್ಟೆ! ಬುಡ ಸಮೇತ!" ಹೆಂಡತಿ ಗಡಿಯಾರದಂಗಡಿಯ ಬಾಗಿಲಲ್ಲೇ ನಿಂತು ಕೂಗಿದಳು. ಎಡಕಿವಿಯ ಕೆಳಗೆ ಒಂದು ಬಿಳಿ ಪ್ಲಾಸ್ಟರ್.

ಗಡಿಯಾರ ರಿಪೇರಿಯವನ ಕೈಯಿಂದ ಚಿಮಟ ಜಾರಿತು. "ಏನನ್ನ?"

"ನರುಲಿನ ರೀ! ಅಳತೆ ಟೇಪು ಕುತ್ತಿಗೆಗೆ ಹಾಕ್ಕೊಂಡಾಗೆಲ್ಲ ಉಜ್ಜಿ ಉಜ್ಜಿ ಉರೀತಿತ್ತು. ಅಪಾಯದ್ದೇನೂ ಅಲ್ಲ, ಆದ್ರೆ ಕಾಟ ಕೊಡೋದನ್ನ ಯಾಕೆ ಸಾಕ್ತೀರಾ ಅಂದ್ರು ಡಾಕ್ಟ್ರು. ಒಂದು ಇಂಜೆಕ್ಷನ್, ಚುರ್ ಅಂತ ಸುಟ್ರು, ಮುಗೀತು. ಹೆಂಗಿದೀನಿ?"

"ಚೆನ್ನಾಗಿದೀಯ," ಎಂದ. ಮುಖ ಮಾತ್ರ ಕೀಲಿ ಮುಗಿದ ಗಡಿಯಾರದಂತೆ ನಿಂತುಹೋಗಿತ್ತು.

ಹೆಂಡತಿ ಮತ್ತು ನಾದಿನಿ ಅವಳಿ ಜವಳಿ. ಇವಳು ಅಕ್ಕ, ಅವಳು ತಂಗಿ ಅನ್ನೋದು ಬಿಟ್ಟರೆ ಒಂದೇ ಮೂಗು, ಒಂದೇ ನಡಿಗೆ. ಪಕ್ಕದ ಹೊಲಿಗೆ ಅಂಗಡಿಯೂ ಇಬ್ಬರದು ಒಂದೇ, ಉಡುವ ಬಟ್ಟೆಯೂ ಒಂದೇ ಥಾನಿನದು. ಮದುವೆಯ ಹೊಸತರಲ್ಲಿ ಅವನು, "ಕಣ್ಣು ಕಟ್ಟಿ ಬಿಟ್ರೂ ನಿನ್ನ ಗುರುತು ಹಿಡೀತೀನಿ," ಎಂದು ಕೊಚ್ಚಿಕೊಂಡಿದ್ದ. ಹೆಂಡತಿ ಆ ಮಾತನ್ನು ಬಂದ ಗಿರಾಕಿಗಳಿಗೆಲ್ಲ ಹೇಳಿ ಹೇಳಿ ಹಿಗ್ಗುತ್ತಿದ್ದಳು. ಕೂದಲೆಳೆಯಂಥ ಸ್ಪ್ರಿಂಗನ್ನು ಹೆಕ್ಕುವ ಆ ಕಣ್ಣಿಗೆ ಹೆಂಡತಿ ಸಿಗುತ್ತಿದ್ದದ್ದು ಮಾತ್ರ ಅದೊಂದು ನರುಲಿಯಿಂದ. ಇಬ್ಬರಲ್ಲಿ ಯಾರಾದರೂ ಬಾಯಿ ಬಿಟ್ಟರೆ ಚಿಂತೆಯಿಲ್ಲ; 'ರೀ' ಅಂದರೆ ಹೆಂಡತಿ, 'ಭಾವ' ಅಂದರೆ ನಾದಿನಿ. ಆದರೆ ಹೊತ್ತೆಲ್ಲ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಕೂತರೆ ಬಡಪಾಯಿ ಏನು ಮಾಡಬೇಕು?

ಪ್ಲಾಸ್ಟರ್ ಇದ್ದಷ್ಟು ದಿನ ಬಚಾವಾದ. ಅದು ಬಿದ್ದ ಮೇಲೆ, ಡಾಕ್ಟರ ಕೈಚಳಕ ಹಾಳಾಗ, ಒಂದು ಕಲೆಯೂ ಉಳಿದಿರಲಿಲ್ಲ. ಅಂಗಡಿಗೆ ಬೀಗ ಜಡಿದು ಚರ್ಮದ ಡಾಕ್ಟರ ಬಳಿ ಓಡಿದ.

"ನಮ್ಮನೆಯವಳ ನರುಲಿ... ವಾಪಸ್ ಬರುತ್ತಾ ಡಾಕ್ಟ್ರೇ?"

"ಹೆದರ್ಬೇಡಿ. ಪೂರ್ತಿ ತೆಗ್ದಿದೀನಿ, ಅದೇ ಜಾಗದಲ್ಲಿ ಬರೋದು ಅಪರೂಪ."

"ಅಪರೂಪ ಅಂದ್ರೆ... ಸ್ವಲ್ಪ ಆಸೆ ಇಟ್ಕೋಬಹುದು ಅನ್ನಿ?"

ಡಾಕ್ಟರು ಕನ್ನಡಕ ಸರಿಮಾಡಿಕೊಂಡರು. "ಬೇರೆ ಕಡೆ ಹೊಸದು ಹುಟ್ಟಿದ್ರೂ ಹುಟ್ಬಹುದು. ಅದಕ್ಕೂ ಭಯ ಬೇಡ."

"ಭಯ ಯಾಕೆ ಸಾರ್! ಎಲ್ಲಿ ಹುಟ್ಟುತ್ತೆ? ದೂರದಿಂದ ಕಾಣೋ ಜಾಗ ಆದ್ರೆ ಪುಣ್ಯ ಬರ್ತಿತ್ತು."

"ನಾಳೆ ಅವರನ್ನ ಕರ್ಕೊಂಡ್ ಬನ್ನಿ," ಎಂದರು ಡಾಕ್ಟರು, ತುಂಬ ಮೆಲ್ಲಗೆ. "ನೀವೂ ಬನ್ನಿ. ನಿಮ್ಮನ್ನೂ ಸ್ವಲ್ಪ ನೋಡ್ಬೇಕು."

ಮರಳಿ ಬಂದಾಗ ಹೊಲಿಗೆ ಯಂತ್ರದ ಮುಂದೆ ಒಬ್ಬಳೇ ಕೂತಿದ್ದಳು. ಬಾಯ್ತುಂಬ ಗುಂಡುಸೂಜಿ. ಯಾವಳು? ಅವನ ಎದೆ ಟಿಕ್‌ಟಿಕ್ ಎಂದಿತು. ಅಷ್ಟರಲ್ಲಿ ಉಪಾಯ ಹೊಳೆಯಿತು.

"ನಿನ್ನ ತಂಗಿ ಎಲ್ಲಿ?"

ಅವಳು ಒಂದು ಗಳಿಗೆ ಅವನನ್ನೇ ದಿಟ್ಟಿಸಿ, ಒಳಕೋಣೆಯ ಪರದೆಯ ಕಡೆ ಗಲ್ಲ ಆಡಿಸಿದಳು. ಅಬ್ಬಾ, ಗೆದ್ದೆ! ಹೋದ ಜೀವ ಬಂದಂತಾಗಿ ಅವನು ಸ್ಟೂಲೆಳೆದು ಕೂತ.

"ನೋಡು, ನರುಲಿ ಹೋದ್ರೇನಂತೆ? ಸಾವಿರ ಜನರ ಮಧ್ಯೆ ನಿಲ್ಲಿಸಿದ್ರೂ ಸೀದಾ ಬಂದು ನಿನ್ನ ಮುಂದೆ ನಿಲ್ತೀನಿ."

"ಹ್ಞೂಂ?"

"ಮತ್ತೇನು! ಜನಕ್ಕೆ ಕಣ್ಣಿಲ್ಲ, ಇಬ್ರೂ ಒಂದೇ ಥರ ಅಂತಾರೆ. ನಿಂಗೂ ನಿನ್ನ ತಂಗಿಗೂ ಅಜಗಜಾಂತರ. ಅವಳದ್ದು ಮೊಂಡು ಮೂಗು, ಆನೆ ನಡಿಗೆ."

"ಹ್ಞೂಂ!"

"ನಿಂದು ನೋಡು, ಸಂಪಿಗೆ ಎಸಳು. ಹಾಂ, ನಾಳೆ ಡಾಕ್ಟ್ರು ಬಾ ಅಂದಿದಾರೆ. ಇಬ್ರೂ ಹೋಗ್ಬರೋಣ್ವಾ?"

ಅವಳು ಬಾಯಿಂದ ಸೂಜಿಗಳನ್ನು ಒಂದೊಂದಾಗಿ ತೆಗೆದು, ಒಂದೊಂದನ್ನೂ ಅವನ ಮುಖ ನೋಡುತ್ತಲೇ ಪುಟ್ಟ ದಿಂಬಿಗೆ ಚುಚ್ಚಿದಳು. ಕೊನೆಯದನ್ನು ಕೊಂಚ ಜೋರಾಗಿಯೇ ಚುಚ್ಚಿದಳು.

"ಹೋಗೋಣ ಭಾವ."

ಪರದೆಯ ಹಿಂದಿನಿಂದ ಅಂಥದ್ದೇ ಇನ್ನೊಂದು ದನಿ ಕೇಳಿಸಿತು: "ರೀ, ನಾಳೆ ಹತ್ತು ಗಂಟೆಗೆ ರೆಡಿಯಾಗಿರಿ. ಚರ್ಮದ ಡಾಕ್ಟ್ರಲ್ಲ, ಕಣ್ಣಿನ ಡಾಕ್ಟ್ರು."