ಹೊಸ ಸಾಮಾನು ಮಾತ್ರ

ಬಸಲಿಂಗವ್ವ ಆನ್‌ಲೈನಿನಲ್ಲಿ ಮಾರಿದ ಕೌದಿ ಮೂರನೇ ಸಲವೂ ವಾಪಸು ಬಂತು. ಚೀಟಿಯಲ್ಲಿ ಅದೇ ಕಾರಣವಿತ್ತು: ಹಳೆಯ ಬಟ್ಟೆ. ಹಿಂದೆಯೇ ಕಂಪನಿಯವನ ಫೋನು.

"ಮೇಡಂ, ನಮ್ಮಲ್ಲಿ ಹೊಸ ಸಾಮಾನು ಮಾತ್ರ ಮಾರಬೇಕು. ನಿಮ್ಮ ಆನ್‌ಲೈನ್ ಅಂಗಡಿಯನ್ನು ಮುಚ್ಚುತ್ತಿದ್ದೇವೆ."

"ತಮ್ಮಾ, ಕೌದಿ ಹೊಲಿಯೂದ ಹಳೇ ಸೀರಿಯಿಂದ. ಹತ್ತು ವರ್ಷ ಉಟ್ಟು ಒಗದ ಸೀರಿ ಮೆತ್ತಗಿರ್ತೈತಿ. ಹೊಸಾದು ಮೈಗೆ ಚುಚ್ಚತೈತಿ."

"ಅದಕ್ಕೆ ನಮ್ಮ ನಿಯಮದಲ್ಲಿ ಜಾಗವಿಲ್ಲ, ಮೇಡಂ."

"ನಿಮ್ಮ ನಿಯಮ ಹೊದ್ಕೊಂಡ್ರ ಚಳಿ ಹೋಗೂದಿಲ್ಲಪಾ. ಈ ಅಂಗಡಿ ಮ್ಯಾಲ ನನ್ನ ಮನಿ ಒಲಿ ಉರೀತೈತಿ."

ಅತ್ತ ಗುಂಡಿ ಒತ್ತಿದ ಸದ್ದಾಯಿತು.

"ಮುಚ್ಚಿ ಆಯ್ತು, ಮೇಡಂ."

ಆದರೂ ಅವನು ಫೋನು ಇಡಲಿಲ್ಲ. ದನಿ ತಗ್ಗಿಸಿ ಕೇಳಿದ:

"ಯವ್ವಾ, ನನ್ನ ಹೆಂಡ್ತಿ ಹಡದಾಳ. ನಮ್ಮವ್ವನ ಹಳೇ ಸೀರಿ ನಾಕು ಅದಾವ. ಕೂಸಿಗೊಂದು ಕೌದಿ ಹೊಲದ ಕೊಡ್ತೀರೇನ್ರೀ?"