ತಂತಿಯ ಕೊಕ್ಕೆ

ಕಾವೇರಿ ಲಾಳಿಯ ತೂತಿಗೆ ತುಟಿ ಹಚ್ಚಿ, ಒಳಗಿನ ನೂಲಿನ ತುದಿಯನ್ನು ಹೀರಿ ಹೊರಗೆಳೆದಳು. ಅದನ್ನು ಕಂಡ ಆರೋಗ್ಯ ನಿರೀಕ್ಷಕಿ ಪ್ರಾಚಿ, "ಮಗ್ಗ ನಿಲ್ಲಸ್ರಿ" ಎಂದರು.

ಕಾವೇರಿಯ ಮಾವ ಪರಸಪ್ಪ ಗಡಬಡಿಸಿ ಮಗ್ಗದ ಸ್ವಿಚ್ಚು ಆರಿಸಿದ. ತಪಾಸಣೆಗೆ ಬರುತ್ತಾರೆಂಬ ಸುದ್ದಿ ತಿಳಿದದ್ದೇ ತಡ, ಬನಹಟ್ಟಿಯ ತನ್ನ ಪವರ್‌ಲೂಮ್ ಶೆಡ್ಡನ್ನು ಗುಡಿಸಿ, ತೊಳೆದು, ಬಾಗಿಲ ಬಳಿ ಹೊಸ ಔಷಧಿ ಪೆಟ್ಟಿಗೆಯನ್ನೂ ತೂಗುಹಾಕಿದ್ದ. ಈಕೆ ಅದರತ್ತ ಕಣ್ಣೆತ್ತಿಯೂ ನೋಡಲಿಲ್ಲ. ಶೆಡ್ಡಿಗೆ ಬೀಗ ಬೀಳುವುದು ಖಾತ್ರಿ ಎಂದುಕೊಂಡ.

"ಈ ಲಾಳಿ ಮತ್ತ್ಯಾರ ಹಿಡಿತಾರ್ರಿ?"

"ಹಗಲೊತ್ತು ನಾನ್ರಿ, ಸಂಜಿ ಮ್ಯಾಲ ನಮ್ಮ ಮಾವಾರು," ಎಂದಳು ಕಾವೇರಿ.

ಮೂಲೆಯಲ್ಲಿ ನೂಲು ಸುತ್ತುತ್ತಿದ್ದ ಪರಸಪ್ಪನ ಹೆಂಡತಿ ಸಾತವ್ವ ಸುಮ್ಮನಿರಲಿಲ್ಲ. "ಈ ಮನಷ್ಯಾ ಲಾಳಿಗೆ ಕೊಟ್ಟಷ್ಟ ಮುದ್ದು ನನಗೂ ಕೊಟ್ಟಿಲ್ರಿ, ಬಾಯಾರ."

ನಗಲು ಹೋದ ಪರಸಪ್ಪನನ್ನು ಕೆಮ್ಮು ಹಿಡಿದುಕೊಂಡಿತು. ಬಹಳ ಹೊತ್ತು ಬಿಡಲಿಲ್ಲ.

"ಯಾವಾಗಿಂದ ಐತ್ರಿ ಇದು?"

"ನೂಲಿನ ಧೂಳ್ರಿ. ದೀಪಾವಳಿಂದ ಸ್ವಲ್ಪ ಜೋರಾಗೇತಿ."

"ಕಿಟಕಿ ಯಾಕ ಮುಚ್ಚೀರಿ?"

"ಗಾಳಿ ಬಿಟ್ರ ನೂಲು ಹರೀತೈತ್ರಿ."

ಪ್ರಾಚಿ ಚೀಲದಿಂದ ಮುಚ್ಚಳದ ಸಣ್ಣ ಡಬ್ಬಿಯೊಂದನ್ನು ತೆಗೆದರು. "ಮುಂಜಾನೆ ಎದ್ದ ಕೂಡಲೇ ಇದರಾಗ ಕಫ ತಂದು ಕೊಡ್ರಿ. ಇವರಿಬ್ಬರನೂ ತಪಾಸಣಿ ಮಾಡಸೂಣು." ನೆಲದಲ್ಲಿದ್ದ ತಂತಿಯ ತುಂಡೊಂದನ್ನು ಎತ್ತಿ, ತುದಿ ಬಗ್ಗಿಸಿ, ಲಾಳಿಯ ತೂತಿನಲ್ಲಿ ತೂರಿಸಿದರು. ಹಲವು ಸಲ ಜಾರಿದ ನೂಲು ಕೊನೆಗೂ ಕೊಕ್ಕೆಗೆ ಸಿಕ್ಕು ಹೊರಬಂತು. "ಇನ್ನ ಮ್ಯಾಲ ಹಿಂಗ ತಗೀರಿ. ಬಾಯಿ ಹಚ್ಚಬ್ಯಾಡ್ರಿ."

"ನೀವು ಶೆಡ್ ಮುಚ್ಚಸಾಕ ಬಂದೀರಿ ಅಂದ್ಕೊಂಡಿದ್ನಿ," ಎಂದ ಪರಸಪ್ಪ.

"ಇಲ್ಲ ಕಾಕಾರ, ಕಿಟಕಿ ತಗಸಾಕ ಬಂದೇನಿ. ತಗೀರಿ ಮದಲ."

ಪರೀಕ್ಷೆಯಲ್ಲಿ ಪರಸಪ್ಪನಿಗೆ ಕ್ಷಯವಿರುವುದು ತಿಳಿಯಿತು. ಅತ್ತೆ-ಸೊಸೆಯರಿಗೆ ಅದಿನ್ನೂ ತಗುಲಿರಲಿಲ್ಲ. ಆರು ತಿಂಗಳ ಗುಳಿಗೆಗಳಲ್ಲಿ ಒಂದನ್ನೂ ತಪ್ಪಿಸಲು ಸಾತವ್ವ ಬಿಡಲಿಲ್ಲ.

ಗುಳಿಗೆ ಮುಗಿದ ಮೇಲಿನ ಅಮಾವಾಸ್ಯೆಗೆ, ಎಂದಿನಂತೆ ಶೆಡ್ಡಿನಲ್ಲಿ ಪೂಜೆ ನಡೆಯಿತು. ಪರಸಪ್ಪ ಮಗ್ಗಗಳಿಗೆ ವಿಭೂತಿ ಬಳಿದು, ಲಾಳಿಗಳಿಗೆ ಕುಂಕುಮವಿಟ್ಟ. ಕಾವೇರಿ ಆರತಿ ಎತ್ತಿದಾಗ, "ತಡೀವಾ ತಂಗಿ" ಎಂದ. ಕಿಟಕಿಯ ಮೊಳೆಗೆ ತೂಗುಬಿಟ್ಟಿದ್ದ ಆ ಸೊಟ್ಟ ತಂತಿಯನ್ನು ಇಳಿಸಿ, ತುಟಿ ತಾಗಿ ತಾಗಿ ನುಣುಪಾಗಿದ್ದ ಲಾಳಿಯ ಪಕ್ಕದಲ್ಲಿಟ್ಟು, ಬುಟ್ಟಿಯಲ್ಲಿ ಉಳಿದಿದ್ದ ಹೂವನ್ನು ಅದಕ್ಕೆ ಏರಿಸಿದ.